ಅಕ್ಕನ ಆಟದ ಸೆಲ್ಲು

"ಕೊನೇ ಕೋಟೆಗೆ ಒಬ್ಬರನ್ನ ಬಿಟ್ಟು ಒಬ್ಬರು ಹೋಗಬಾರದು. ಇಬ್ಬರೂ ಸೇರಿ ಮುಗಿಸಬೇಕು. ಮಾತು ಅಂದ್ರೆ ಮಾತು" ಎಂದು ಅಕ್ಕ ಅಂಗೈ ಚಾಚಿದ್ದಳು. ಮದುವೆಯಾಗಿ ಬೇರೆ ಊರಿಗೆ ಹೊರಡುವ ಹಿಂದಿನ ದಿನ ಅದು. ಹನ್ನೊಂದು ಕೋಟೆ ಗೆದ್ದು, ಹನ್ನೆರಡನೆಯದರ ಬಾಗಿಲಲ್ಲಿ ನಿಲ್ಲಿಸಿದ್ದ ವಿಡಿಯೋ ಗೇಮು. ತಮ್ಮ ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ.

ಇಪ್ಪತ್ತೆರಡು ವರ್ಷ ಕಳೆಯಿತು. ತಮ್ಮ ಈಗ ಗಡಿಯಾರ ರಿಪೇರಿಯವನು, ಇಬ್ಬರು ಮಕ್ಕಳ ತಂದೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳು ಒಳಬಂದರೆ ಇವನು ಹೊರಗೆ. ಅಕ್ಕ ಫೋನು ಮಾಡಿದಾಗಲೆಲ್ಲ ಅದೇ ಮಾತು.

"ಏನೋ ಕುಳ್ಳ, ಕೋಟೆ ಬಾಗಿಲಲ್ಲಿ ನಿಂತೂ ನಿಂತೂ ನನ್ನ ಕಾಲು ಬಿದ್ದುಹೋಯ್ತಲ್ಲೋ!"

"ಮುಂದಿನ ಭಾನುವಾರ ಅಕ್ಕಾ, ನಿನ್ನಾಣೆ."

"ನಿನ್ನ ಭಾನುವಾರಕ್ಕಿಷ್ಟು ಬೆಂಕಿ ಬೀಳ."

ಆ ಆಟದ ಕ್ಯಾಸೆಟ್ಟಿನೊಳಗೆ ಅಂಗಿಯ ಗುಂಡಿಯಷ್ಟಗಲದ ಒಂದು ಸೆಲ್ಲು. ಎಲ್ಲಿಯವರೆಗೆ ಆಡಿದ್ದಾರೆ ಎಂಬುದನ್ನು ಕಾಯುವುದು ಅದೇ. ಅದು ಸತ್ತರೆ ಆಡಿದ್ದೆಲ್ಲ ಅಳಿಸಿದಂತೆ. ಸಾಯುವ ಮೊದಲೇ ಬದಲಿಸಬೇಕು. ದಿನಕ್ಕೆ ಇಪ್ಪತ್ತು ಕೈಗಡಿಯಾರಕ್ಕೆ ಸೆಲ್ಲು ಹಾಕುವವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಮೂರು ವರ್ಷದ ಹಿಂದೆಯೇ ಹೊಸದೊಂದನ್ನು ಪುಟ್ಟ ಕವರಿಗೆ ಹಾಕಿ, ಮೇಲೆ "ಅಕ್ಕನ ಆಟ" ಎಂದು ಬರೆದು, ಅಂಗಡಿಯ ಡ್ರಾಯರಿನಲ್ಲಿ ಇಟ್ಟಿದ್ದ. ಕೂರಿಸಲು ಅರ್ಧ ಗಂಟೆ ಸಾಕಿತ್ತು. ಆದರೆ ಯಾರದೋ ಮುಳ್ಳು ನಿಂತಿರುತ್ತಿತ್ತು, ಯಾರದೋ ಪಟ್ಟಿ ಕಿತ್ತಿರುತ್ತಿತ್ತು.

ಈ ವರ್ಷ ಅಕ್ಕನ ಕೈ ನಡುಗತೊಡಗಿತು. ಔಷಧಿಯಿಂದ ನಿಧಾನವಾದೀತೇ ಹೊರತು ವಾಸಿಯಾಗದು ಎಂದರು ಡಾಕ್ಟರು. ಒಂದು ಬುಧವಾರ ಮಧ್ಯಾಹ್ನ ಹೇಳದೆ ಕೇಳದೆ ಅಂಗಡಿಗೇ ಬಂದು ನಿಂತಳು.

"ನೀನು ಭಾನುವಾರ ಹುಡುಕ್ತಾ ಇರು. ನನ್ನ ಬೆರಳು ಕಾಯಲ್ಲ."

ಅವನು ಶಟರು ಎಳೆದು ಅವಳನ್ನು ಮನೆಗೆ ಕರೆತಂದ. ಮಗಳ ಶಾಲೆ ಬಿಡಲು ಒಂದೂವರೆ ಗಂಟೆಯಿತ್ತು. ಹಳೇ ಆಟವನ್ನು ಟೀವಿಗೆ ಸಿಕ್ಕಿಸಿದ. ಪರದೆ ಬೆಳಗಿತು. ಇಬ್ಬರ ಹೆಸರಿರಬೇಕಾದ ಜಾಗ ಖಾಲಿ. ಕ್ಯಾಸೆಟ್ಟು ತೆಗೆದ, ಊದಿದ, ಮತ್ತೆ ಹಾಕಿದ. ಖಾಲಿಯೇ.

"ಏನಾಯ್ತೋ?"

"ಸೆಲ್ಲು ಹೋಗಿದೆ ಅಕ್ಕಾ. ಹೊಸದು ಅಂಗಡೀಲಿದೆ. ಮೂರು ವರ್ಷದಿಂದ ಇದೆ. ಹಾಕೋಕೆ ಆಗ್ಲಿಲ್ಲ."

ಅಕ್ಕ ಅವನನ್ನೇ ನೋಡಿದಳು. "ಊರವರ ಗಡಿಯಾರಕ್ಕೆಲ್ಲ ಸೆಲ್ಲು ಹಾಕ್ತೀಯ" ಎಂದಳು. ಬಯ್ಯಲಿಲ್ಲ. "ಸರಿ, ಮೊದಲಿಂದ ಶುರು ಮಾಡು."

ಅವಳ ಹೆಬ್ಬೆರಳು ಆಟದ ರಿಮೋಟಿನ ಗುಂಡಿಯ ಮೇಲೆ ನಿಲ್ಲುತ್ತಿರಲಿಲ್ಲ. ಒಂದೇ ರಿಮೋಟನ್ನು ಇಬ್ಬರೂ ಹಿಡಿದರು. ಓಡಿಸುವುದು ಅವಳು, ಹಾರಿಸುವುದು ಅವನು. ಹಳ್ಳಕ್ಕೆ ಬಿದ್ದಾಗಲೆಲ್ಲ, "ಹಾರೋ ಕುಳ್ಳ! ನಿದ್ದೆ ಮಾಡ್ತಿದ್ದೀಯಾ?" ಎಂದು ಮೊಣಕೈಯಲ್ಲಿ ತಿವಿದಳು. ಅವನು ನಕ್ಕ. ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಒಂದು ಕೋಟೆ ಗೆದ್ದರು. ಎರಡನೆಯದರ ಅರ್ಧದಲ್ಲಿ ಶಾಲೆ ಬಿಡುವ ಹೊತ್ತಾಯಿತು.

"ಏಳು, ಮಗು ಕಾಯುತ್ತೆ" ಎಂದಳು ಅಕ್ಕ. "ಉಳಿದಿದ್ದು ಮುಂದಿನ ಭಾನುವಾರ."

ಆ ಸಂಜೆಯೇ ಅವನು ಹೊಸ ಸೆಲ್ಲು ಕೂರಿಸಿದ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಗೆದ್ದ ಆ ಒಂದು ಕೋಟೆ ಅಷ್ಟರಲ್ಲಿ ಅಳಿಸಿಹೋಗಿತ್ತು. ಭಾನುವಾರ ಮಗನಿಗೆ ಜ್ವರ ಬಂತು. ಅದರ ಮುಂದಿನ ಭಾನುವಾರ ಹೆಂಡತಿಗೆ ಹಗಲು ಪಾಳಿ. ವರ್ಷ ಮುಗಿಯುವ ಹೊತ್ತಿಗೆ ಅಕ್ಕನಿಗೆ ಲೋಟವನ್ನೂ ಬೇರೆಯವರು ಹಿಡಿಯಬೇಕಾಯಿತು.

ಕೊನೆಯ ಕೋಟೆಗೆ ಇಬ್ಬರೂ ಹೋಗಲಿಲ್ಲ. ಅವನು ಮಾತು ಉಳಿಸಿಕೊಳ್ಳಲಿಲ್ಲ.