ಹಗ್ಗದಡಿಯ ಹಕ್ಕಳೆ

"ಅಲ್ಲೇ ನಿಲ್ಲೇ. ಮೇಜಿಗೆ ಮೈ ತಾಗಿಸ್ಬೇಡ. ಸ್ನಾನ ಅನ್ನೋದೊಂದಿದೆ ಅಂತ ನಿಮ್ಮ ಜನಕ್ಕೆ ಯಾರೂ ಹೇಳೇ ಇಲ್ವಾ?"

ಡಾಕ್ಟರು ಪೆನ್ನಿನಲ್ಲೇ ಗಾಳಿಯಲ್ಲೊಂದು ಗೆರೆ ಎಳೆದರು. ಪೊದೆ ಕಡಿಯುವವಳು ಗಂಡನನ್ನು ಹೆಗಲಿಗಾನಿಸಿಕೊಂಡು ಆ ಗೆರೆಯಾಚೆ ನಿಂತಳು. ಅವನ ಕಣ್ಣು ಕೆಂಡವಾಗಿದ್ದವು. ಬಾಯಿಗೆ ಬಂದದ್ದನ್ನು ಬಡಬಡಿಸುತ್ತಿದ್ದ. ಈ ಜ್ವರಕ್ಕೆ ಇದೇ ಮೇಜಿನಾಚೆಯಿಂದ ಎರಡು ಸಲ ಬಿಳಿ ಮಾತ್ರೆ ಸಿಕ್ಕಿತ್ತು. ಇಂಥದ್ದೇ ಜ್ವರದಲ್ಲಿ ಹೋದ ವಾರ ಮೈದುನ ಸತ್ತಿದ್ದ. ಕುಡಿದು ಸತ್ತ ಅಂದಿದ್ದರು ಡಾಕ್ಟರು. ಹೆಂಡದ ವಾಸನೆಗೇ ವಾಂತಿ ಮಾಡುತ್ತಿದ್ದವನು ಅವನು.

ಕಾರ್ಖಾನೆ ಕಟ್ಟಲು ಬೇಲಿ ಹಾಕಿದ ಬಯಲಿನಲ್ಲಿ ಮೈದುನನೂ ಸೇರಿ ಮೂವರ ಕೆಲಸ. ಕತ್ತಿ ಸಿಕ್ಕಿಸಿಕೊಳ್ಳಲು ಸೊಂಟಕ್ಕೆ ಹಗ್ಗ ಬಿಗಿಯಬೇಕು. ಮಧ್ಯಾಹ್ನ ಅದೇ ಪೊದೆಗಳ ನೆರಳಲ್ಲಿ ಮೈ ಚೆಲ್ಲಬೇಕು. ಬೂಟು, ತುಂಬುತೋಳಿನ ಅಂಗಿ ಕೊಡಿ ಅಂದದ್ದಕ್ಕೆ ಮೇಸ್ತ್ರಿ, ಮದುವೆಗೆ ಹೊರಟಿದ್ದೀರೇನ್ರೋ ಎಂದು ನಕ್ಕಿದ್ದ.

"ಅದೇ ಮಾತ್ರೆ ಕೊಡ್ತೀನಿ. ಕುಡಿಯೋದು ಬಿಡ್ಸು."

"ಒಂದ್ಸಲ ಮುಟ್ಟಿ ನೋಡಿ ಸಾರ್."

"ಮುಟ್ಟೋಕೆ ಏನಿದೆ ಅಲ್ಲಿ?"

ಅವಳು ಗಂಡನನ್ನು ಎತ್ತಿ ಮೇಜಿನ ಮೇಲೇ ಮಲಗಿಸಿಬಿಟ್ಟಳು. ಕಾಗದಗಳು ನೆಲಕ್ಕೆ ಬಿದ್ದವು. ಅಂಗಿ ಮೇಲೆತ್ತಿದಳು, ಹಗ್ಗ ಬಿಚ್ಚಿದಳು. ಕಾಂಪೌಂಡರು ಕೂಗಾಡುತ್ತಿದ್ದರೂ ಬಿಡದೆ ಡಾಕ್ಟರ ಮಣಿಕಟ್ಟು ಹಿಡಿದು ಆ ಸುಡುವ ಹೊಟ್ಟೆಯ ಮೇಲೆ ಒತ್ತಿದಳು.

ಹಗ್ಗವಿದ್ದ ಜಾಗದಲ್ಲಿ ಕಪ್ಪು ಹಕ್ಕಳೆ, ಸುತ್ತ ಕೆಂಪು ಬಳೆ. ಅವಳು ಅದನ್ನು ಮೊದಲೇ ಕಂಡಿದ್ದಳು. ಬೀಡಿ ಕಿಡಿ ಬಿದ್ದಿದೆ ಎಂದುಕೊಂಡು, ಗುಡಿಸಲು ಸುಡ್ತೀಯೇನೋ ಬೋಳಿಮಗನೇ ಎಂದು ಬೈದಿದ್ದಳು. ಉರಿಯೇ ಇಲ್ಲ ಕಣೇ ಎಂದು ಅವನು ಆಣೆ ಮಾಡಿದರೂ ನಂಬಿರಲಿಲ್ಲ.

ಡಾಕ್ಟರು ಕೈ ಕಿತ್ತುಕೊಳ್ಳುವುದನ್ನು ಮರೆತರು. ಬೆರಳು ತೊಡೆಸಂದಿಯ ಗಂಟನ್ನು ತಡವಿತು, ಎದೆಯ ಮೇಲಿನ ಕೆಂಪು ಚುಕ್ಕೆಗಳ ಬಳಿ ನಿಂತಿತು. ದನಿ ಇಳಿಯಿತು. ಸ್ಕ್ರಬ್ ಟೈಫಸ್ ಅಂದರು. ಪೊದೆಯಲ್ಲಿರುವ, ಕಣ್ಣಿಗೂ ಕಾಣದ ನುಸಿಮರಿ ಬಟ್ಟೆ ಬಿಗಿಯಾದಲ್ಲಿ ಕಚ್ಚುತ್ತದಂತೆ. ಅದರಿಂದ ಬಂದ ರೋಗಾಣು ರಕ್ತನಾಳದ ಗೋಡೆಯ ಜೀವಕೋಶದೊಳಕ್ಕೇ ನುಗ್ಗಿ ಬೆಳೆಯುತ್ತದಂತೆ. ಜ್ವರದ ಬಿಳಿ ಮಾತ್ರೆ ಅದಕ್ಕೆ ಏನೂ ಮಾಡುವುದಿಲ್ಲವಂತೆ. ಬೇರೆ ಕ್ಯಾಪ್ಸೂಲು ಬೇಕು. ಕಾಂಪೌಂಡರು ಡಾಕ್ಟರ ಕುರ್ಚಿಯ ಹಿಂದಿನ ಬೀರುವಿನಿಂದಲೇ ಅದನ್ನು ತೆಗೆದುಕೊಟ್ಟರು.

"ಉಳೀತಾನಾ?"

"ತಡ ಆಗಿದೆ. ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಈ ಗಾಯ ಮೊದ್ಲೇ ಯಾಕೆ ತೋರಿಸ್ಲಿಲ್ಲ?"

"ಗೆರೆ ಎಳೆದವ್ರು ಯಾರು?"

ಮೈದುನನ ಹೆಣ ತೊಳೆಯುವಾಗ ಕಂಕುಳಲ್ಲಿ ಇಂಥದ್ದೇ ಹಕ್ಕಳೆ ಕಂಡಿತ್ತು. ಅಲ್ಲಿ ಯಾರು ಬೀಡಿ ಇಡುತ್ತಾರೆ ಎಂದು ಆಗ ಹೊಳೆದಿರಲಿಲ್ಲ.

ಹೊರಗೆ ಜಗಲಿಯಲ್ಲಿ ಅದೇ ಬಯಲಿನ ಕೆಲಸದವರು ಜ್ವರದಲ್ಲಿ ಮೈ ಸುಡುತ್ತಾ ಕುಳಿತಿದ್ದರು. ಅವಳು ಬಾಗಿಲಿಗೆ ತಿರುಗಿ ಕೂಗಿದಳು: "ಹಗ್ಗ ಬಿಚ್ರೋ. ಅಂಗಿ ತೆಗೀರಿ. ಒಳಗ್ ಬನ್ನಿ."

ಡಾಕ್ಟರು ಸೋಪಿನ ಕಡೆ ಹೊರಟರು. ಅವಳು ನಲ್ಲಿಗೆ ಅಡ್ಡ ನಿಂತಳು.

"ಕೈ ಆಮೇಲೆ ತೊಳ್ಕೊಳಿ ಸಾರ್. ಇನ್ನೂ ಜನ ಇದ್ದಾರೆ."