ತಂಪು ಕೋಣೆಯ ಸ್ವೆಟರ್

ಮರದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ರೈಲು ಎಂದೇ ಕರೆಯುತ್ತಿದ್ದರು. ಹೊಗೆ ಬಿಡದೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದ ಬಡಗಿಯಲ್ಲ ಅವನು. ಆ ರೈಲು ಒಂದು ಮಧ್ಯಾಹ್ನ ಕಪಾಟಿನ ಬಾಗಿಲಿಗೆ ಕೀಸುಳಿ ಹಾಕುತ್ತಿದ್ದಾಗ ನಿಂತಲ್ಲೇ ನಿಂತುಬಿಟ್ಟಿತು. ಎದೆಯ ಮೇಲೆ ಹಲಗೆಯ ಅಟ್ಟಿ ಇಟ್ಟ ಹಾಗಾಯಿತು, ಎಡಗೈ ಜೋಮು ಹಿಡಿಯಿತು, ಬೆವರು ಕಿತ್ತುಕೊಂಡು ಬಂತು. ಜೊತೆಗಾರರು ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದರಿಂದ ಜೀವ ಉಳಿಯಿತು.

ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ ಡಾಕ್ಟರಮ್ಮ ಅವನ ಮಗಳ ವಯಸ್ಸಿನವರು. ಸುತ್ತಿ ಬಳಸಿ ಮಾತಾಡುವ ಪೈಕಿಯಲ್ಲ.

"ನಾನು ನಾಳ ತೆರೆದಿದ್ದೀನಿ. ನೀವು ಸೇದಿದ್ರೆ ಮತ್ತೆ ಮುಚ್ಚಬಹುದು. ಬಿಟ್ರೆ ಒಂದೆರಡು ದಿನದಲ್ಲೇ ರಕ್ತ ಸುಧಾರಿಸೋಕೆ ಶುರುವಾಗುತ್ತೆ. ಒಂದು ವರ್ಷಕ್ಕೆ, ಸಿಗರೇಟಿನಿಂದ ಹೃದಯಕ್ಕೆ ಬಂದ ಅಪಾಯ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತೆ."

ಅವನು ತಲೆಯಾಡಿಸಿದ. ಇಂಥ ಮಾತಿಗೆ ತಲೆಯಾಡಿಸುವುದರಲ್ಲಿ ಅವನದು ಪಳಗಿದ ಕತ್ತು. ಹೆಂಡತಿ ಇದ್ದಷ್ಟು ಕಾಲವೂ ಅದನ್ನೇ ಮಾಡಿದ್ದ. ಡಾಕ್ಟರಮ್ಮ ಬಾಗಿಲವರೆಗೆ ಹೋಗಿ, ಏನೋ ನೆನಪಾಗಿ ತಿರುಗಿದರು.

"ಮೂಗೂ ಚುರುಕಾಗುತ್ತೆ. ಈಗ ಗೊತ್ತಾಗದ ವಾಸನೆ ಎಲ್ಲ ಮತ್ತೆ ಗೊತ್ತಾಗುತ್ತೆ."

ಆಗ ಅವನು ತಲೆಯಾಡಿಸುವುದನ್ನು ಮರೆತು ಎದ್ದು ಕೂತ.

ಕಾರಣವಿತ್ತು. ಮೂರು ವರ್ಷದ ಹಿಂದೆ ಹೆಂಡತಿ ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಎಲ್ಲರೂ ಹೊರಟುಹೋದ ಮೇಲೆ ಅವನು ಅವಳ ಬೀರು ತೆಗೆದು ಬಟ್ಟೆಗಳಲ್ಲಿ ಮುಖ ಹುದುಗಿಸಿದ್ದ. ಏನೂ ಸಿಗಲಿಲ್ಲ. ಬರೀ ಬಟ್ಟೆ. ಮೂಗಿಗೆ ಹಿಡಿಶಾಪ ಹಾಕಿ ಬೀರು ಮುಚ್ಚಿದವನು ಮತ್ತೆ ತೆರೆದಿರಲಿಲ್ಲ. ಅವಳು ಅಲ್ಲಿದ್ದಾಳೆ, ತನ್ನ ಮೂಗೇ ಸತ್ತಿದೆ ಅಂದುಕೊಂಡೇ ದಿನ ದೂಡಿದ್ದ.

ಬಿಟ್ಟ. ಬಿಡುವುದೆಂದರೆ ಏನೆಂದು ಬಿಟ್ಟವರನ್ನೇ ಕೇಳಬೇಕು. ಕೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಗುತ್ತಿತ್ತು. ಸಿಗರೇಟು ಸಿಕ್ಕಿಸುತ್ತಿದ್ದ ಕಿವಿಗೆ ಪೆನ್ಸಿಲು ಸಿಕ್ಕಿಸಿ, ಅದನ್ನೇ ಬಾಯಿಗಿಟ್ಟು ಕಡಿದು ಹಾಳು ಮಾಡುತ್ತಿದ್ದ. ಕಂಡವರ ಮೇಲೆಲ್ಲ ಹರಿಹಾಯುತ್ತಿದ್ದ. ಮಗಳಿಗೆ ಮಾತ್ರ ಸೋಜಿಗ.

"ಅಮ್ಮ ಗೋಗರೆದ್ರೂ ಬಿಡಲಿಲ್ಲ. ಈಗ ಯಾರ ಮಾತು ಕೇಳಿ ಬಿಟ್ಟೆ ಅಪ್ಪಾ?"

"ಮೂಗಿನ ಮಾತು," ಎಂದ. ಮಗಳು ನಕ್ಕಳು. ಅವನು ನಗಲಿಲ್ಲ.

ಮೂಗು ನಿಜಕ್ಕೂ ಬಂತು. ಒಂದು ಬೆಳಿಗ್ಗೆ ತೇಗದ ಹಲಗೆ ಕೊಯ್ಯುತ್ತಿದ್ದಾಗ ಅದರ ಚರ್ಮದಂಥ ಎಣ್ಣೆವಾಸನೆ ಮುಖಕ್ಕೆ ಬಡಿಯಿತು. ಆಮೇಲೆ ಗೋಂದು, ವಾರ್ನಿಶ್, ಪಕ್ಕದ ಮೇಜಿನವನ ಬೆವರು. "ಸ್ನಾನ ಮಾಡಿ ಬಾರಯ್ಯ," ಎಂದು ಅವನಿಗೆ ಹೇಳಿ ಬೈಸಿಕೊಂಡದ್ದೂ ಆಯಿತು. ಅಂದು ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಮಡಿಸಿದ ಅಂಗಿ ಹಾಕಿಕೊಂಡು, ಹೆಣ್ಣು ನೋಡಲು ಹೊರಟವನ ಹಾಗೆ ಬೀರುವಿನ ಮುಂದೆ ನಿಂತ. ತೆರೆದ.

ಹಳೇ ಹೊಗೆ. ಅವಳ ಶಾಲು, ರವಿಕೆ, ಕರವಸ್ತ್ರ, ಯಾವುದನ್ನು ಮೂಗಿಗೆ ಹಿಡಿದರೂ ಅದೇ. ಅವನದೇ ಸಿಗರೇಟಿನ ಕಮಟು. ಅವಳೆಲ್ಲೂ ಇರಲಿಲ್ಲ. ಇದರಲ್ಲೇ ಉಸಿರಾಡಿಕೊಂಡು ಬದುಕಿದಳಲ್ಲ. ತನ್ನ ಹೊಗೆ ಅವಳಿಗೆ ಏನೇನು ಮಾಡಿರಬಹುದೆಂದು ಡಾಕ್ಟರಮ್ಮನನ್ನು ಕೇಳುವ ಧೈರ್ಯ ಅವನಿಗೆ ಇವತ್ತಿಗೂ ಬಂದಿಲ್ಲ. ಅದಕ್ಕಿಂತ ನಾಚಿಕೆಯ ವಿಷಯವೆಂದರೆ, ಆ ಶಾಲಿನಲ್ಲಿ ಮುಖವಿಟ್ಟು ಅಳುತ್ತಿರುವಾಗಲೇ ಬಾಯಲ್ಲಿ ನೀರೂರಿತು. ಅವಳು ಬೇಕೋ ಸಿಗರೇಟು ಬೇಕೋ ಅವನಿಗೇ ತಿಳಿಯಲಿಲ್ಲ.

ಇನ್ನು ಯಾವ ಸುಖಕ್ಕೆ ಬಿಟ್ಟಿರಬೇಕು? ಮರುದಿನ ಕೆಲಸಕ್ಕೆ ಚಕ್ಕರ್ ಹೊಡೆದು, ಮೂಲೆಯಂಗಡಿಯಲ್ಲಿ ಒಂದೇ ಒಂದು ಸಿಗರೇಟು, ಒಂದು ಬೆಂಕಿಪೊಟ್ಟಣ ಕೊಂಡ. ಕಾಲು ತಾನಾಗಿಯೇ ಹಳೇ ಜಾಗಕ್ಕೆ ನಡೆಯಿತು: ಔಷಧಿ ಗೋದಾಮಿನ ಎದುರಿನ ಮೋಟು ಗೋಡೆ. ಹೆಂಡತಿ ಅಲ್ಲಿಯ ತಂಪು ಕೋಣೆಯಲ್ಲಿ ಲಸಿಕೆಯ ಪೆಟ್ಟಿಗೆ ಕಟ್ಟುತ್ತಿದ್ದಳು. ಒಳಗೆ ಸೇದುವಂತಿಲ್ಲವೆಂದು ಅವನು ಒಂದು ದಿನವೂ ಗೇಟು ದಾಟಿರಲಿಲ್ಲ. ಇಲ್ಲೇ ಹೊಗೆ ಬಿಡುತ್ತಾ ಅವಳಿಗೆ ಕಾಯುತ್ತಿದ್ದ.

ಸಿಗರೇಟು ತುಟಿಗಿಟ್ಟ. ಕಡ್ಡಿ ಗೀರಬೇಕು, ಅಷ್ಟರಲ್ಲಿ ಪಾಳಿ ಬಿಟ್ಟು ಹೆಂಗಸರು ಹೊರಗೆ ಬಂದರು. ಎಲ್ಲರೂ ಚಳಿ ಬಿಡಿಸಿಕೊಳ್ಳಲು ತೋಳು ಉಜ್ಜಿಕೊಳ್ಳುತ್ತಿದ್ದರು. ಅವಳೂ ಹಾಗೇ ಬರುತ್ತಿದ್ದಳು. "ಸ್ವೆಟರ್ ಹಾಕ್ಕೊಂಡೇ ಬರಬಾರ್ದಾ?" ಎಂದು ಒಮ್ಮೆ ಇವನು ಕೇಳಿದ್ದಕ್ಕೆ ಅವಳು ಹೇಳಿದ್ದಳು:

"ಅದು ಮನೆಗೆ ಬರಲ್ಲ ರೀ. ಬಂದ್ರೆ ಅದಕ್ಕೂ ನಿಮ್ಮ ಹೊಗೆ ಹತ್ತುತ್ತೆ. ಅದೊಂದಾದ್ರೂ ನನ್ನದಾಗಿರ್ಲಿ."

ಅವನು ಸಿಗರೇಟನ್ನು ತುಟಿಯಿಂದ ತೆಗೆದು ರಸ್ತೆ ದಾಟಿದ.

"ಸಿಗರೇಟು, ಬೆಂಕಿಪೊಟ್ಟಣ ಒಳಗೆ ಬಿಡಲ್ಲ ಯಜಮಾನ್ರೇ," ಎಂದ ಕಾವಲುಗಾರ.

"ನೀನೇ ಇಟ್ಕೊ. ಆದ್ರೆ ಸೇದಬೇಡ," ಎಂದು ಎರಡನ್ನೂ ಅವನ ಕೈಗೆ ತುರುಕಿದ. ಕಾವಲುಗಾರ ಪಿಳಿಪಿಳಿ ನೋಡಿದ.

ಒಳಗೆ ಹೆಂಡತಿಯ ಜೊತೆಗಾತಿ ಇನ್ನೂ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಅವನನ್ನು ನೋಡಿ ಕೈಯಲ್ಲಿದ್ದ ಚೀಟಿ ಹಾಗೇ ನಿಂತಿತು.

"ಅವಳದೊಂದು ಸ್ವೆಟರ್ ಇತ್ತಲ್ಲಮ್ಮ…" ಎಂದ.

"ಇದೆ ಅಣ್ಣಾ. ಒಗೆಯೋಕೆ ಮನಸ್ಸು ಬರಲಿಲ್ಲ. ಬೇರೆಯವರು ಎತ್ಕೊಂಡು ಹಾಕ್ಕೊಳ್ಳೋದೂ ಬೇಡ ಅಂತ ಕವರಿಗೆ ಹಾಕಿ ಅಂಟಿಸಿಟ್ಟೆ."

ಕಪಾಟಿನ ತಳದಿಂದ ಕವರು ತಂದುಕೊಟ್ಟಳು. ಹಸಿರು ಸ್ವೆಟರ್, ಮೊಣಕೈಗೆ ಬೇರೆ ಬಣ್ಣದ ನೂಲಿನ ತೇಪೆ. ಅವನು ಅಂಟು ಬಿಡಿಸಿ, ಬಾಯಿ ಸ್ವಲ್ಪವೇ ತೆರೆದು, ಮೂಗು ಒಳಗಿಟ್ಟ.

ಮೊದಲು ರಟ್ಟಿನ ವಾಸನೆ. ಅದರ ಹಿಂದೆ ತಲೆಗೆ ಹಚ್ಚುವ ಎಣ್ಣೆ. ಅದರ ಹಿಂದೆ, ಕತ್ತುಪಟ್ಟಿಯಲ್ಲಿ, ಬೆಚ್ಚಗೆ, ಸ್ವಲ್ಪ ಉಪ್ಪುಪ್ಪಾಗಿ, ಅವಳು. ಮದುವೆಯಾದ ಹೊಸದರಲ್ಲಿ ಗೊತ್ತಿದ್ದು ಆಮೇಲೆ ತಾನೇ ಕಳೆದುಕೊಂಡದ್ದು. ಅವನು ಉಸಿರು ಎಳೆದುಕೊಂಡ, ಬಿಡಲು ಮನಸ್ಸಾಗದೆ ತುಂಬ ಹೊತ್ತು ಹಿಡಿದುಕೊಂಡ. ಜೊತೆಗಾತಿ ಗೋಡೆಯ ಕಡೆ ತಿರುಗಿ ನಿಂತಳು.

"ಮನೆಗೆ ತಗೊಂಡು ಹೋಗಿ ಅಣ್ಣಾ. ನಿಮ್ಮದೇ ಅಲ್ವಾ?"

ಅವನು ಕವರಿನ ಬಾಯಿ ಮಡಿಸಿ, ಅಂಟನ್ನು ಬೆರಳಿಂದ ಒತ್ತಿ ಒತ್ತಿ ಮುಚ್ಚಿ, ಅವಳ ಕೈಗೇ ವಾಪಸು ಕೊಟ್ಟ.

"ಈಗಲೇ ಬೇಡಮ್ಮ. ಮನೆ ಇನ್ನೂ ನನ್ನ ಹೊಗೆನೇ ನಾರ್ತಿದೆ. ಪರದೆ ಒಗೀಬೇಕು, ಹಾಸಿಗೆ ಬಿಸಿಲಿಗೆ ಹಾಕ್ಬೇಕು, ಗೋಡೆಗೆಲ್ಲ ಸುಣ್ಣ ಬಳೀಬೇಕು. ಅಲ್ಲೀವರೆಗೂ ಇಲ್ಲೇ ಇರ್ಲಿ. ಎಲ್ಲ ಆದ್ಮೇಲೆ ಬಂದು ಕರ್ಕೊಂಡು ಹೋಗ್ತೀನಿ."