ಲೋಳೆಯೋ, ಕುಚ್ಚೋ

"ಲೋಳೆನೋ, ಕುಚ್ಚೋ? ಅದೊಂದು ಹೇಳಿಬಿಡು ಮಾರಾಯ," ಎಂದು ಹಾರ್ಮೆನ್ ಕುರ್ಚಿಯಿಂದಲೇ ಕೂಗಿದ.

ಗೆಳೆಯ ವುಬ್ಬೊ ಮೂಗು ಗಾಜಿಗೆ ತಗಲುವಷ್ಟು ಬಗ್ಗಿ, ಭೂತಗನ್ನಡಿ ಹಿಡಿದು ನೋಡುತ್ತಿದ್ದ. ಗೋಡೆಯುದ್ದದ ಆ ಮೀನಿನ ತೊಟ್ಟಿಯಲ್ಲಿ ಹಾರ್ಮೆನ್ ವರ್ಷಗಟ್ಟಲೆ ಕೂತು ಬೆಳೆಸಿದ ಗಿಡಗಳು ಓಣಿ ಓಣಿಯಾಗಿ ನಿಂತಿದ್ದವು. ಮುಂದೆ ಗಿಡ್ಡವು, ಹಿಂದೆ ಎತ್ತರದವು, ನಡುನಡುವೆ ಕೆಂಪು ಎಲೆಯವು. ಎಡಮೂಲೆಯ ದಪ್ಪ ಎಲೆಗಳ ಅಂಚಿನಲ್ಲಿ ಮಾತ್ರ ಕಪ್ಪಗೆ ಏನೋ ಹತ್ತಿಕೊಂಡಿತ್ತು. ಪಕ್ಕದ ಗಿಡಗಳಿಗೂ ಆಗಲೇ ದಾಟಿತ್ತು.

ವೀನ್‌ಡಾಮ್ ಊರಿನ ಅಕ್ವೇರಿಯಂ ಸಂಘದಲ್ಲಿ ಪಾಚಿ ಹತ್ತಿತೆಂದರೆ ವುಬ್ಬೊನನ್ನೇ ಕರೆಯುತ್ತಿದ್ದರು. ಲೋಳೆ ಪಾಚಿಯಾದರೆ ಉಜ್ಜಿದೊಡನೆ ಜಾರಿ ಬರುತ್ತದೆ, ಗಬ್ಬು ನಾರುತ್ತದೆ. ಮೀನಿಗೆ ತಿನಿಸು ಹೆಚ್ಚಾಗಿ ನೀರು ಕೆಟ್ಟಿದೆ ಎಂದು ಅರ್ಥ, ತಪ್ಪು ಮನೆಯವರದು. ಕುಚ್ಚಿನ ಪಾಚಿಯ ಕಥೆಯೇ ಬೇರೆ. ಅದು ಹೊರಗಿನಿಂದ, ಯಾವುದೋ ಗಿಡದ ಮೈಮೇಲೆ ಕೂತು ಬರುತ್ತದೆ. ಅದಕ್ಕೇ ಯಾರು ಗಿಡ ಕೊಟ್ಟರೂ ಕೆಲವು ವಾರ ಬೇರೆ ಬಕೆಟ್ಟಿನಲ್ಲಿ ಇಟ್ಟು ನೋಡಿಯೇ ಕೊಡಬೇಕೆಂದು ಸಂಘದಲ್ಲಿ ಕಟ್ಟುನಿಟ್ಟಿನ ನಿಯಮ. ಆ ನಿಯಮ ಮಾಡಿಸಿದವನೂ ವುಬ್ಬೊನೇ.

"ನಂಗೆ ಗೊತ್ತು, ಲೋಳೆನೇ," ಎಂದ ಹಾರ್ಮೆನ್. ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಿಂದ ಬಂದ ಮೇಲೆ ಅವನ ಬಲಗೈ ಏಳುತ್ತಿರಲಿಲ್ಲ, ಕಣ್ಣೂ ಮಂಜು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. "ನಾನು ಆಸ್ಪತ್ರೇಲಿ ಬಿದ್ದಿರೋವಾಗ ಇವಳು ಡಬ್ಬಗಟ್ಟಲೆ ತಿನಿಸು ಸುರಿದಿದ್ದಾಳೆ. ಮೀನು ಬಾಯಿ ಬಿಟ್ರೆ ಹಸಿವು ಅಂತಾಳೆ ಕಣೋ! ಮೀನಿಗೆ ಬಾಯಿ ಬಿಡೋದು ಬಿಟ್ಟು ಬೇರೆ ಏನು ಕೆಲಸ?"

"ಹೌದಪ್ಪ, ನಂದೇ ತಪ್ಪು. ಉಪವಾಸ ಕೆಡವಬೇಕಿತ್ತು," ಎಂದಳು ಅವನ ಹೆಂಡತಿ ಗೇಸ್ಕೆ, ಬಟ್ಟೆ ಮಡಚುತ್ತ.

"ನಗಬೇಡ ಕಣೇ. ಮುಂದಿನ ತಿಂಗಳು ಸಂಘದ ಸ್ಪರ್ಧೆಗೆ ತೊಟ್ಟಿ ನೋಡೋಕೆ ತೀರ್ಪುಗಾರರು ಮನೆಗೆ ಬರ್ತಾರೆ. ಅವರ ಮುಂದೆ ಈ ಗಲೀಜು ಇಟ್ಕೊಂಡು ಕೂರ್ಲಾ?" ಹಾರ್ಮೆನ್ ಎಡಗೈಯಿಂದ ಮೂಲೆ ತೋರಿಸಿದ. "ಅದೂ ಹೋಗಿಹೋಗಿ ವುಬ್ಬೊ ಕೊಟ್ಟ ಗಿಡಕ್ಕೇ ಹತ್ಬೇಕಾ! ಇವನು ಕೊಟ್ಟ ಗಿಡ ಅಂದ್ರೆ ಕಣ್ಮುಚ್ಕೊಂಡು ನೆಡಬಹುದು. ಅಂಥದ್ದನ್ನೂ ಹಾಳು ಮಾಡಿದ್ಯಲ್ಲೇ."

ವುಬ್ಬೊನ ಕಿವಿ ಬಿಸಿಯಾಯಿತು. ಹಾರ್ಮೆನ್ ಆಸ್ಪತ್ರೆಯಲ್ಲಿದ್ದ ವಾರ ಗೇಸ್ಕೆ ವುಬ್ಬೊನ ಮನೆ ಬಾಗಿಲಿಗೆ ಬಂದು ನಿಂತಿದ್ದಳು. ಮೂಲೆಯ ಗಿಡ ಕೊಳೆತುಹೋಗಿದೆ, ಹಾರ್ಮೆನ್ ಬರುವಷ್ಟರಲ್ಲಿ ಅಲ್ಲಿ ಏನಾದರೂ ನೆಡಬೇಕು ಎನ್ನುತ್ತಲೇ ಅತ್ತುಬಿಟ್ಟಿದ್ದಳು. ಅಳುವವಳನ್ನು ಬರಿಗೈಯಲ್ಲಿ ಕಳಿಸಲು ವುಬ್ಬೊನಿಗೆ ಮನಸ್ಸಾಗಲಿಲ್ಲ. ತನ್ನ ತೊಟ್ಟಿಯಿಂದಲೇ ಒಂದು ಗಿಡ ಕಿತ್ತ. ಬೇರಿನ ಹತ್ತಿರ ಒಂದು ಕರಿಯ ಎಳೆ ಕಂಡಿತ್ತು. ಉಗುರಿನಿಂದ ಚಿವುಟಿ ಎಸೆದು, ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. ಬಕೆಟ್ಟಿನ ನೆನಪು ಬರಲಿಲ್ಲವೆಂದಲ್ಲ. ಬಂದಿತ್ತು.

"ಸ್ಪಿರಿಟ್‌ನಲ್ಲಿ ಹಾಕಿ ನೋಡ್ತೀನಿ," ಎಂದು ಒಂದು ಎಲೆ ಕತ್ತರಿಸಿಕೊಂಡು ಅಡುಗೆಮನೆಗೆ ಹೋದ. ಗೇಸ್ಕೆ ಕಾಫಿಯ ನೆಪದಲ್ಲಿ ಹಿಂದೆಯೇ ಬಂದಳು.

ಗಾಜಿನ ಲೋಟದ ಸ್ಪಿರಿಟ್ಟಿನಲ್ಲಿ ಎಲೆ ಮುಳುಗಿತು. ಇಬ್ಬರೂ ನೋಡುತ್ತ ನಿಂತರು. ಕಾಫಿ ಇಳಿದು ಮುಗಿಯುವಷ್ಟರಲ್ಲಿ ಕರಿಯ ಕುಚ್ಚಿನ ತುದಿ ಕೆಂಪಗಾಗತೊಡಗಿತು.

"ಕೆಂಪಾದ್ರೆ ಏನು?"

"ಕುಚ್ಚು. ತಿನಿಸಿಗೂ ಇದಕ್ಕೂ ಸಂಬಂಧ ಇಲ್ಲ, ಗೇಸ್ಕೆ. ಗಿಡದ ಜೊತೆ ಬಂದದ್ದು." ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. "ನನ್ನ ಗಿಡದ ಜೊತೆ. ನೋಡಿಯೂ ಕೊಟ್ಟೆ. ಹೋಗಿ ಹೇಳಿಬಿಡ್ತೀನಿ."

"ಹೇಳ್ಬೇಡ."

"ಇಷ್ಟು ದಿನ ಸುಮ್ನೆ ಬೈಸ್ಕೊಂಡಿದ್ದೀಯ ನೀನು."

"ಬೈಸ್ಕೊಳ್ಳೋದು ಹೊಸದಾ ನಂಗೆ?" ಗೇಸ್ಕೆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು. "ಲುಬ್ಬರ್ಟ್ ನೆನಪಿದ್ಯಾ? ಅವನು ಕೊಟ್ಟ ಗಿಡದಲ್ಲಿ ಬಸವನಹುಳು ಇತ್ತು ಅಂತ ಇವತ್ತಿಗೂ ಅವನ ಮುಖ ನೋಡಲ್ಲ ಇವನು. ಬೀದೀಲಿ ಎದುರಾದ್ರೆ ಸೈಕಲ್ ತಿರುಗಿಸ್ತಿದ್ದ. ನನ್ ಮೇಲೆ ಸಿಟ್ಟಾದ್ರೆ ಎಲ್ಲಿಗೆ ಹೋಗ್ತಾನೆ? ಸಂಜೆ ಸೂಪಿಗೆ ನನ್ನ ಕೈನೇ ನೋಡ್ಬೇಕು. ನಿನ್ ಮೇಲೆ ಸಿಟ್ಟಾದ್ರೆ ಬಾಗಿಲು ಹಾಕ್ಕೊಂಡುಬಿಡ್ತಾನೆ."

"ಆದ್ರೂ..."

"ಆಮೇಲೆ ಯಾರು ಬರ್ತಾರೆ ವುಬ್ಬೊ? ಸಂಘದವರೆಲ್ಲ ಒಂದೊಂದು ಸಲ ಹೂವು ಹಿಡ್ಕೊಂಡು ಬಂದ್ರು, ಹೋದ್ರು. ಗುರುವಾರ ನೀನು ಬರ್ತೀಯ ಅಂತ ಬುಧವಾರದಿಂದ್ಲೇ ಗಡ್ಡ ಹೆರೆದುಕೊಡು ಅಂತಾನೆ. ಗುರುವಾರ ಒಂದು ಇದೆ ಅಂತ ನಾನೂ ವಾರ ನೂಕ್ತೀನಿ. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅದನ್ನ ಕಿತ್ಕೋಬೇಡ."

ಅವಳು ಲೋಟ ಎತ್ತಿ ಸಿಂಕಿಗೆ ಸುರಿದು, ನಲ್ಲಿ ಬಿಟ್ಟಳು.

ಮರಳಿ ಬಂದಾಗ ಹಾರ್ಮೆನ್ ಕುರ್ಚಿಯ ಅಂಚಿಗೆ ಸರಿದು ಕೂತಿದ್ದ. "ಏನಾಯ್ತು? ಕೆಂಪಾಯ್ತಾ?"

ವುಬ್ಬೊ ಅಂಗಿಯ ತೋಳು ಮಡಚುತ್ತ ತೊಟ್ಟಿಯ ಕಡೆ ತಿರುಗಿದ. ಮುಖ ಕಾಣದಂತೆ ನಿಲ್ಲಲು ಬೇರೆ ಜಾಗ ಇರಲಿಲ್ಲ.

"ಇಲ್ಲ," ಎಂದ. "ಲೋಳೆನೇ. ತಿನಿಸು ಹೆಚ್ಚಾಗಿದೆ."

"ಹೇಳ್ಲಿಲ್ವಾ ನಾನು!" ಹಾರ್ಮೆನ್ ತೊಡೆ ತಟ್ಟಿದ. ಅವನು ಅಷ್ಟು ಖುಷಿಯಾಗಿ ಮಾತಾಡಿ ಎಷ್ಟೋ ಕಾಲವಾಗಿತ್ತು. "ಕಣ್ಣು ಹೋದ್ರೂ ತಲೆ ಹೋಗಿಲ್ಲ ನೋಡು. ಕೇಳಿದ್ಯೇನೇ?"

"ಕೇಳ್ದೆ," ಎಂದಳು ಗೇಸ್ಕೆ.

ವುಬ್ಬೊ ಮೊಣಕೈವರೆಗೆ ಕೈ ಇಳಿಸಿ, ತಾನು ಕೊಟ್ಟ ಗಿಡವನ್ನು ಬುಡಸಮೇತ ಕಿತ್ತು ಬಕೆಟ್ಟಿಗೆ ಹಾಕಿದ. ಕಪ್ಪು ಹತ್ತಿದ ಅಕ್ಕಪಕ್ಕದ ಎಲೆಗಳನ್ನು ಒಂದೊಂದಾಗಿ ಕತ್ತರಿಸಿದ. ಮೀನುಗಳು ತಿನಿಸು ಬಂತೆಂದು ಅವನ ಬೆರಳುಗಳ ಸುತ್ತ ಸೇರಿದವು. 

ಬೆನ್ನ ಹಿಂದೆ ಹಾರ್ಮೆನ್‌ನ ದನಿ ಕೇಳಿತು. ಬೈಯುವ ದನಿಯಲ್ಲ, ಮೆಲ್ಲಗಿನದು. "ಇಲ್ಲಿ ಬಾರೇ. ಕೂತ್ಕೋ. ಹೋಗ್ಲಿ ಬಿಡು. ಆಗ ದಿನಾ ಬಸ್ಸಲ್ಲಿ ಆಸ್ಪತ್ರೆಗೆ ಓಡಾಡಿದೀಯ, ಮನೇಲಿ ಒಬ್ಬಳೇ. ಒಂದು ಚಿಟಿಕೆ ಹೆಚ್ಚೋ ಕಡಿಮೆಯೋ ಯಾರಿಗೆ ಗೊತ್ತಾಗುತ್ತೆ? ನಾನು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡ. ಕ್ಷಮಿಸಿಬಿಟ್ಟಿದ್ದೀನಿ ಕಣೇ."

"ಆಯ್ತು," ಎಂದಳು ಗೇಸ್ಕೆ.

ಮೂಲೆ ಖಾಲಿಯಾಗಿತ್ತು. ಕೀಳಲು, ಕತ್ತರಿಸಲು ಇನ್ನೇನೂ ಉಳಿದಿರಲಿಲ್ಲ. ವುಬ್ಬೊ ಕೈಯನ್ನು ನೀರಿನಿಂದ ಹೊರಗೆ ತೆಗೆಯಲಿಲ್ಲ.